ಬದಲಿ

ಬೆಣ್ಣೆದೋಸೆಯ ಪುಟಕ್ಕೆ ನೂರಾ ಹನ್ನೆರಡು ಕೈ ಬಿದ್ದಿವೆ,
ಕಾವಲಿಗೋ ಮೇಲಕ್ಕೋ ಬೆಣ್ಣೆ ಎಂದು ಅಲ್ಲಿನ್ನೂ ಜಗಳ.
ನಮ್ಮ ಪುಟಕ್ಕೆ ನಾಲ್ಕೇ ಕೈ.
ಅದರಲ್ಲೊಂದು ಈಗಿಲ್ಲ.

ಗಿರಣಿ ಮಾತಿನ ಕೋಶ ಅಂತ ಹೆಸರು.
ಭೋಂಗಾ, ಸಾಂಚಾ, ಪಾಳಿ, ಜಾಬರ್, ಕಂಡಿಕೆ,
ಗೇಟಿಗೆ ಬೀಗ ಬಿದ್ದು ವರ್ಷಗಟ್ಟಲೆ ಆದಮೇಲೂ
ದಾವಣಗೆರೆಯ ಮುದುಕರ ಬಾಯಲ್ಲಿ ಸಿಕ್ಕಿಕೊಂಡ ಎಳೆಗಳು.
ನನ್ನದು ನಿಟ್ಟುವಳ್ಳಿಯಲ್ಲಿ ಜೆರಾಕ್ಸ್ ಅಂಗಡಿ.
ಷಟರ್ ಅರ್ಧ ಎಳೆದು, ಹತ್ತರ ಮೇಲೆ,
ಯಾರದೋ ಆಧಾರ್ ಕಾರ್ಡಿನ ಬಿಸಿ ಆರುವ ಮುಂಚೆ
ಅದೇ ಕಂಪ್ಯೂಟರಿನಲ್ಲಿ ಪದ ಕೂರಿಸುತ್ತೇನೆ.

ಈ ಪುಟ ತೆರೆದವರು ಹರಿಹರದ ವಾಗೀಶಯ್ಯ.
'ಬದಲಿ: ಕಾಯಂ ಅಲ್ಲದ ಕೆಲಸಗಾರ'
ಅಷ್ಟೇ. ಕೊನೆಗೆ ಚುಕ್ಕಿ ಕೂಡ ಇಲ್ಲ.
ಮೂರು ನಿಮಿಷಕ್ಕೆ ಕೆಂಪಕ್ಷರ ಬಂತು: 'ಮೂಲ ಎಲ್ಲಿ?'
ಕೇಳಿದವನ ಹೆಸರು ತಕ್ಕಡಿ.
ಊರು ಗೊತ್ತಿಲ್ಲ, ಮುಖ ಗೊತ್ತಿಲ್ಲ,
ನಿದ್ದೆ ಮಾಡುವವನಲ್ಲ ಅನ್ನುವುದಷ್ಟೇ ಗೊತ್ತು.

ಮೂಲ, ಆಜಾದ್ ನಗರದ ಒಂದು ಭಟ್ಟಿಯ ಪಕ್ಕ
ಮಂಡಕ್ಕಿ ಜರಡಿ ಹಿಡಿದು ಕೂತಿತ್ತು.
ಖಾಸಿಂಬಿ. ರೀಲಿಂಗ್ ಖಾತೆಯಲ್ಲಿ ಹದಿನಾಲ್ಕು ವರ್ಷ,
ಹದಿನಾಲ್ಕೂ ವರ್ಷ ಬದಲಿ.
ಮೊಮ್ಮಗಳು ಮುಬೀನಾ ಫೋನು ಹಿಡಿದು ಮಾತು ತುಂಬಿಕೊಂಡಳು:

"ಬೆಳಿಗ್ಗೆ ಭೋಂಗಾ ಕೂಗೋದು. ನಾವು ಗೇಟಿನ ಹೊರಗೆ ಸಾಲು.
ಒಳಗಿನೋಳಿಗೆ ಜ್ವರ ಬರ್ಲಿ ಅಂತ ಬೇಡ್ಕೋಬಾರ್ದು.
ಬೇಡ್ಕೋತಿದ್ವಿ.
ಯಾರ್ದೋ ಚೀಟಿ, ಯಾರ್ದೋ ನಂಬರು,
ಹಾಜರಿ ಪುಸ್ತಕದಾಗೆ ಯಾರ್ದೋ ಹೆಸರು.
ಹರಿದ ನೂಲಿಗೆ ಗಂಟು ಹಾಕಿದ್ದು ಮಾತ್ರ ಈ ಬೆರಳು."

ತಕ್ಕಡಿ ಬರೆದ: 'ಅಚ್ಚಾದ ಮೂಲ ಬೇಕು. ಅಜ್ಜಿಯ ಮಾತು ಸಾಲದು.'
ಮುಬೀನಾ ಬರೆದಳು: 'ಅಜ್ಜಿಯನ್ನೇ ಅಚ್ಚು ಹಾಕಿಸಲೇ?'
ಹನ್ನೊಂದು ಸಲ ಅಳಿಸಿದ. ಹನ್ನೊಂದು ಸಲ ಹಾಕಿದಳು.
ನಡುವೆ ಹೋದ ನಾನು ಇಬ್ಬರಿಂದಲೂ ಬೈಸಿಕೊಂಡೆ.
ವಾಗೀಶಯ್ಯ ಯಾರ ಪರವೂ ಮಾತಾಡಲಿಲ್ಲ.
ಎಷ್ಟೋ ದಿನಕ್ಕೆ ಒಂದು ಚಿತ್ರ ಏರಿಸಿದರು,
ಗಿರಣಿಯಲ್ಲಿ ಹಾಜರಿ ಗುಮಾಸ್ತರಾಗಿದ್ದ ಅಪ್ಪನ
ಟ್ರಂಕಿನ ತಳದಲ್ಲಿ ಸಿಕ್ಕ ಚೀಟಿ.
ಒಂದು ಮೂಲೆ ಇಲಿ ತಿಂದಿದೆ.
ಮೇಲೆ ಅಚ್ಚಿನಲ್ಲಿ: ಬದಲಿ.
ಕೆಳಗೆ, ಹೆಸರು ಇರಬೇಕಾದ ಕಡೆ,
ನೇರಳೆ ಶಾಯಿಯ ಒಂದು ಹೆಬ್ಬೆಟ್ಟು.

ಆ ರಾತ್ರಿ ತಕ್ಕಡಿ ಕೆಂಪಕ್ಷರ ತೆಗೆದ.
ತೆಗೆದದ್ದಷ್ಟೇ ಅಲ್ಲ, ಮುಬೀನಾಳ ಸಾಲಿನಲ್ಲಿ
ಅಲ್ಪವಿರಾಮವೊಂದನ್ನು ಎತ್ತಿ ಸರಿಯಾದ ಕಡೆ ಇಟ್ಟ.
ಕ್ಷಮೆ ಕೇಳುವ ಬಗೆ ಅದು.
ನಮ್ಮಲ್ಲಿ ಬೇರೆ ರೂಢಿ ಇಲ್ಲ.

ಶ್ರಾವಣದಲ್ಲಿ ವಾಗೀಶಯ್ಯ ಬರುವುದು ನಿಂತಿತು.
ಒಂದು ವಾರ. ಮೂರು ವಾರ.
ಬ್ಯಾಂಕಿನ ಕೆಲಸಕ್ಕೆಂದು ಬಂದ ಒಬ್ಬ ಹುಡುಗ
ಗಾಜಿನ ಮೇಲೆ ಕವುಚಿಡು ಅಂತ ಕೊಟ್ಟ
ಮರಣ ಪತ್ರದಲ್ಲಿ ಆ ಹೆಸರು ಓದಿದೆ.
ಐದು ಪ್ರತಿ ಬೇಕಿತ್ತು. ಐದು ತೆಗೆದೆ.
ದುಡ್ಡು ಬೇಡ ಅಂದೆ.
ಯಾಕೆ ಅಂತ ಅವನು ಕೇಳಲಿಲ್ಲ,
ಕೇಳಿದ್ದರೆ ಏನು ಹೇಳುತ್ತಿದ್ದೆನೋ. ನಾನವರನ್ನು ಕಂಡವನೇ ಅಲ್ಲ.

ಅವರು ಅರ್ಧಕ್ಕೆ ಬಿಟ್ಟ ಪದ ನಲವತ್ತೊಂದು.
'ಭ' ನನಗೆ, 'ಸ' ಮುಬೀನಾಗೆ,
ಮಿಕ್ಕಿದ್ದೆಲ್ಲ ತನಗಿರಲಿ ಎಂದ ತಕ್ಕಡಿ, ಯಾರೂ ಕೇಳದೆ.
ಪುಟದ ಇತಿಹಾಸದಲ್ಲಿ ಈಗಲೂ ಹಾಗೇ ಇದೆ,
'ಆರಂಭಿಸಿದವರು: ವಾಗೀಶಯ್ಯ.'
ರಾತ್ರಿ ಪಾಳಿಗೆ ನಾವು ಮೂವರೂ
ಅವರ ಚೀಟಿ ಹಿಡಿದು ಒಳಗೆ ಹೋಗುತ್ತೇವೆ.

ಪ್ರತಿ ಪುಟದ ನೆತ್ತಿಯಲ್ಲಿ ಒಂದು ಗುಂಡಿ ಉಂಟು: 'ಬದಲಿಸಿ'.
ಮೊನ್ನೆ ಮುಬೀನಾ ಅದನ್ನು ಅಜ್ಜಿಗೆ ಓದಿ ಹೇಳಿದಳಂತೆ,
ಯಾರು ಬೇಕಾದರೂ ಒತ್ತಬಹುದು, ಯಾರ ಸಾಲು ಯಾರಾದರೂ ತಿದ್ದಬಹುದು ಅಂತ.
ಖಾಸಿಂಬಿ ಜರಡಿ ನಿಲ್ಲಿಸಿ ಕೇಳಿದಳಂತೆ:
"ದಿನಕ್ಕೆಷ್ಟು ಕೊಡ್ತಾರೆ?"